ನೈರೋಬಿಯಲ್ಲಿ ಬಾಡಿಗೆ ಮನೆ: ಏರಿಯಾ ಆರಿಸುವುದು ಹೇಗೆ?

ಕೆನ್ಯಾದ ರಾಜಧಾನಿ ನೈರೋಬಿಗೆ ಕೆಲಸದ ಮೇಲೆ ಬರುವ ನಮ್ಮ ಕಡೆಯ ಹುಡುಗರು ಟಿಕೆಟ್ ಕೈಗೆ ಬಂದ ದಿನವೇ ಫೋನ್ ಮಾಡುತ್ತಾರೆ. “ಅಣ್ಣಾರ, ಯಾವ ಏರಿಯಾ ಛಲೋ ಐತ್ರಿ?” ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದೂ ಯಾವಾಗಲೂ ಒಂದೇ: “ಆಫೀಸು ಎಲ್ಲೈತಿ ತಮ್ಮಾ?” ಅರ್ಧ ಜನಕ್ಕೆ ಅದು ಗೊತ್ತಿರುವುದಿಲ್ಲ. ಕಂಪನಿ ಹೆಸರು ಗೊತ್ತು, ಸಂಬಳ ಗೊತ್ತು, ಆದರೆ ದಿನಾ ಬೆಳಿಗ್ಗೆ ಯಾವ ರಸ್ತೆ ಹಿಡಿಯಬೇಕು ಅನ್ನುವುದು ಗೊತ್ತಿಲ್ಲ. ಈ ಊರಿನಲ್ಲಿ ಸುಖವಾಗಿ ಇರುತ್ತೀರೋ ಇಲ್ಲವೋ ಅನ್ನುವುದನ್ನು ಏರಿಯಾದ ಹೆಸರಿಗಿಂತ ಎರಡು ಸಂಗತಿ ಹೆಚ್ಚು ತೀರ್ಮಾನಿಸುತ್ತವೆ. ಒಂದು, ಬೆಳಿಗ್ಗೆ ಏಳಕ್ಕೆ ನೀವು ಹಿಡಿಯುವ ರಸ್ತೆ. ಇನ್ನೊಂದು, ಅಡುಗೆಮನೆ ನಲ್ಲಿಯಲ್ಲಿ ಬರುವ ನೀರು. ಉಳಿದದ್ದನ್ನೆಲ್ಲ ಆಮೇಲೆ ಹೊಂದಿಸಿಕೊಳ್ಳಬಹುದು.

ಮೊದಲು ಒಂದು ತಿಂಗಳ ಮಟ್ಟಿಗೆ ಮಾತ್ರ ಇಳಿಯಿರಿ

ಊರಿನಲ್ಲಿ ಕೂತು ಫೋಟೋ ನೋಡಿ ಒಂದು ವರ್ಷದ ಕರಾರಿಗೆ ಸಹಿ ಹಾಕಬೇಡಿ. ಸಾಮಾನು ಸಮೇತ ಬಾಡಿಗೆಗೆ ಸಿಗುವ ಫ್ಲ್ಯಾಟುಗಳು ಕಿಲಿಮಾನಿ, ವೆಸ್ಟ್‌ಲ್ಯಾಂಡ್ಸ್ ಕಡೆ ಬೇಕಾದಷ್ಟಿವೆ. ಅಲ್ಲೊಂದು ತಿಂಗಳು ಉಳಿಯಿರಿ. ಬಾಡಿಗೆ ಜಾಸ್ತಿ ಅನ್ನಿಸುತ್ತದೆ, ನಿಜ. ಆದರೆ ತಪ್ಪು ಮನೆಗೆ ಹೋಗಿ ಮೂರೇ ತಿಂಗಳಲ್ಲಿ ಖಾಲಿ ಮಾಡಿದರೆ ಡಿಪಾಸಿಟ್ಟು, ಲಾರಿ ಬಾಡಿಗೆ, ಎರಡನೇ ಸಲದ ಡಿಪಾಸಿಟ್ಟು ಎಲ್ಲ ಸೇರಿ ಅದಕ್ಕಿಂತ ಹೆಚ್ಚಾಗುತ್ತದೆ.

ಆ ತಿಂಗಳಲ್ಲಿ ಕಾರಿನಲ್ಲೇ ಓಡಾಡಬೇಡಿ. ವಾರಕ್ಕೆ ಎರಡು ದಿನವಾದರೂ ಮಟಾಟು ಹತ್ತಿ. ಮಟಾಟು ಅಂದರೆ ಇಲ್ಲಿನ ಖಾಸಗಿ ವ್ಯಾನು, ಮಿನಿಬಸ್ಸು. ಅದು ನಿಲ್ಲುವ ಜಾಗಕ್ಕೆ ಎಲ್ಲರೂ ಸ್ಟೇಜ್ ಅನ್ನುತ್ತಾರೆ. ಒಂದೊಂದು ದಾರಿಗೆ ಒಂದೊಂದು ನಂಬರು: ನ್ಗಾಂಗ್‌ಗೆ 111, ರೊಂಗಾಯಿಗೆ 125. ಬಾಡಿಗೆ ಮನೆಯ ಜಾಹೀರಾತಿನಲ್ಲೂ “ಸ್ಟೇಜಿನಿಂದ ಐದು ನಿಮಿಷ” ಅಂತಲೇ ಬರೆದಿರುತ್ತದೆ. ಆ ಐದು ನಿಮಿಷವನ್ನು ನೀವೇ ನಡೆದು ನೋಡಬೇಕು.

ಊರಿನ ಅಂಗಾಂಗ ತಿಳಿದುಕೊಳ್ಳಿ

1899ರಲ್ಲಿ ಉಗಾಂಡಾ ರೈಲು ದಾರಿ ಹಾಕುವಾಗ ಸಾಮಾನು ಇಳಿಸುವ ಡಿಪೋ ಆಗಿ ಹುಟ್ಟಿದ ಊರು ಇದು. ಹೆಸರು ಬಂದದ್ದು ಮಸಾಯಿ ಭಾಷೆಯ ‘ತಣ್ಣನೆ ನೀರು’ ಅನ್ನುವ ಮಾತಿನಿಂದ. ಬ್ರಿಟಿಷರು ಪಶ್ಚಿಮ, ಉತ್ತರದ ಎತ್ತರದ ಕೆಮ್ಮಣ್ಣಿನ ನೆಲವನ್ನು ತಮಗೆ ಇಟ್ಟುಕೊಂಡರು. ಭಾರತೀಯರಿಗೆ ನ್ಗಾರಾ, ಪಂಗಾನಿ, ಪಾರ್ಕ್‌ಲ್ಯಾಂಡ್ಸ್ ಕಡೆ ಜಾಗವಾಯಿತು. ಆಫ್ರಿಕನ್ ಕಾರ್ಮಿಕರನ್ನು ರೈಲು ಹಳಿಯಾಚೆ, ಪೂರ್ವದ ತಗ್ಗಿಗೆ ತಳ್ಳಿದರು. ಆ ಗೆರೆ ಇವತ್ತಿಗೂ ಅಳಿಸಿಲ್ಲ. ಕ್ಯಾರೆನ್, ಲ್ಯಾವಿಂಗ್ಟನ್, ಮುಥೈಗಾದಲ್ಲಿ ದೊಡ್ಡ ಮರಗಳು, ಅಗಲ ಸೈಟುಗಳು. ಈಸ್ಟ್‌ಲ್ಯಾಂಡ್ಸ್ ಅನ್ನುವ ಪೂರ್ವ ಭಾಗದಲ್ಲಿ ಒತ್ತೊತ್ತಾದ ಕಟ್ಟಡಗಳು, ಚರಂಡಿ ತೊಂದರೆ.

ನಮ್ಮ ಉತ್ತರ ಕರ್ನಾಟಕದವರಿಗೆ ಒಂದು ವಿಷಯ ಥಟ್ಟನೆ ಅರ್ಥವಾಗುತ್ತದೆ. ಸೌತ್ ಸಿ, ಎಂಬಕಾಸಿ, ಮೊಂಬಾಸಾ ರಸ್ತೆಯ ಆಸುಪಾಸು ಪೂರ್ತಿ ಎರೆಮಣ್ಣು. ನರಗುಂದ, ನವಲಗುಂದದ ಎರೆ ಹೊಲದಲ್ಲಿ ಮಳೆಯಾದ ಮೇಲೆ ನಡೆದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ, ನೀರು ಇಂಗುವುದಿಲ್ಲ, ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಪಾಯ ಸರಿಯಿಲ್ಲದ ಗೋಡೆಯೂ ಬಿರಿಯುತ್ತದೆ. ಹಾಗಂತ ಸೌತ್ ಸಿ ಕೆಟ್ಟ ಏರಿಯಾ ಅಲ್ಲ, ಸಂಸಾರಸ್ಥರು ನೆಮ್ಮದಿಯಾಗಿರುವ ಜಾಗ. ಆದರೆ ಅಲ್ಲಿ ಮನೆ ನೋಡುವಾಗ ಗಲ್ಲಿಯ ನೆಲ ಯಾವ ಕಡೆ ಇಳಿಜಾರು ಅನ್ನುವುದನ್ನು ಮೊದಲು ನೋಡಿ, ಟೈಲ್ಸು ಆಮೇಲೆ.

ಆಫೀಸಿನ ಕಡೆಗೇ ಮನೆ ಹುಡುಕಿ

ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು ಇದೇ. ನೈರೋಬಿಯ ದೊಡ್ಡ ರಸ್ತೆಗಳೆಲ್ಲ ಚಕ್ರದ ಅರಗಳ ಹಾಗೆ ನಡುವಿನ ಪೇಟೆಗೆ, ಅಂದರೆ ಟೌನ್‌ಗೆ, ಬಂದು ಸೇರುತ್ತವೆ. ಥೀಕಾ ರಸ್ತೆ, ಜೋಗೂ ರಸ್ತೆ, ಮೊಂಬಾಸಾ ರಸ್ತೆ, ಲಂಗಾಟಾ ರಸ್ತೆ, ನ್ಗಾಂಗ್ ರಸ್ತೆ, ವಯಾಕಿ ವೇ. ಒಂದು ಅರದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಮಟಾಟುವಿನವರಿಗೆ ಟೌನ್ ದಾಟದೆ ಹೆಚ್ಚಾಗಿ ಗತಿಯಿಲ್ಲ. ಅಲ್ಲಿಯೂ ಒಂದೇ ಬಸ್‌ಸ್ಟ್ಯಾಂಡ್ ಇಲ್ಲ. ಕೆನ್‌ಕಾಮ್, ಒಡಿಯನ್, ರೈಲ್ವೇಸ್ ಅಂತ ಸ್ಟೇಜುಗಳು ಬೇರೆ ಬೇರೆ. ಒಂದರಲ್ಲಿ ಇಳಿದು ಜನರ ನಡುವೆ ನಡೆದು ಇನ್ನೊಂದಕ್ಕೆ ಹೋಗಬೇಕು. ಬೆಳಿಗ್ಗೆ, ಸಂಜೆ ದರ ಏರುತ್ತದೆ. ಮಳೆ ಬಂತೆಂದರೆ ಮತ್ತೂ ಏರುತ್ತದೆ.

ಹಾಗಾಗಿ ನಕ್ಷೆಯಲ್ಲಿ ಆಫೀಸಿಗೆ ಒಂದು ಚುಕ್ಕಿ ಇಡಿ. ಟೌನ್ ದಾಟದೆ ಆ ಚುಕ್ಕಿ ತಲುಪಬಹುದಾದ ಏರಿಯಾಗಳನ್ನಷ್ಟೇ ಪಟ್ಟಿ ಮಾಡಿ.

ಕೆಲಸ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯಲ್ಲಿದ್ದರೆ (ನಮ್ಮವರು ಬಹಳ ಮಂದಿ ಅಲ್ಲೇ ಇದ್ದಾರೆ) ಸೌತ್ ಬಿ, ಸೌತ್ ಸಿ, ನೈರೋಬಿ ವೆಸ್ಟ್ ನೋಡಿ. ಸ್ವಲ್ಪ ದೂರವಾದರೂ ಪರವಾಗಿಲ್ಲ ಅನ್ನುವವರಿಗೆ ಸ್ಯೊಕಿಮಾವು ಇದೆ. ಅದು ಪಕ್ಕದ ಮಚಾಕೋಸ್ ಕೌಂಟಿಗೆ ಸೇರಿದ್ದು. ಅಲ್ಲಿಂದ ಟೌನ್‌ಗೆ ಲೋಕಲ್ ರೈಲೂ ಉಂಟು. ನೀರಿನ ವಿಷಯದಲ್ಲಿ ಮಾತ್ರ ಅಲ್ಲಿ ಕಣ್ಣು ತೆರೆದಿಟ್ಟುಕೊಳ್ಳಬೇಕು.

ವಿಶ್ವಸಂಸ್ಥೆಯ ಕಚೇರಿ ಇರುವುದು ಗಿಗಿರಿಯಲ್ಲಿ. ಅಲ್ಲಿ ಕೆಲಸವಾದರೆ ರುಂಡಾ, ಮುಥೈಗಾ ಹೆಸರು ಕೇಳಿಬರುತ್ತದೆ. ಆ ಕಡೆ ಬಾಡಿಗೆಯನ್ನು ಡಾಲರಿನಲ್ಲಿ ಹೇಳುವುದುಂಟು. ಸಂಬಳ ಶಿಲ್ಲಿಂಗಿನಲ್ಲಿ ಬರುವವರು ಅಂಥ ಕರಾರಿಗೆ ಒಪ್ಪಬಾರದು. ಶಿಲ್ಲಿಂಗ್ ಕುಸಿದ ತಿಂಗಳು ನಿಮ್ಮ ಬಾಡಿಗೆ ತಾನಾಗಿ ಏರಿರುತ್ತದೆ. ಕಡಿಮೆ ಖರ್ಚಿನಲ್ಲಿ ಅದೇ ಕಡೆ ಬೇಕೆಂದರೆ ಕಿಯಾಂಬು ಕೌಂಟಿಯ ಗಡಿಯಲ್ಲಿರುವ ರುವಾಕಾ ನೋಡಬಹುದು. ಸಣ್ಣ ಸಂಬಳದಲ್ಲಿ ಶುರು ಮಾಡುವ ಒಂಟಿ ಹುಡುಗರಿಗೆ ಥೀಕಾ ರಸ್ತೆಯ ರೋಯ್‌ಸಾಂಬು, ಕಹಾವಾ ವೆಸ್ಟ್ ಕಡೆ ಒಳ್ಳೆಯ ಮನೆಗಳು ಸಿಗುತ್ತವೆ. ಕಿಲಿಮಾನಿಯಲ್ಲಿ ಒಂದು ಬೆಡ್‌ರೂಮಿಗೆ ಕೊಡುವ ದುಡ್ಡಿನಲ್ಲಿ ಕಹಾವಾ ವೆಸ್ಟ್‌ನಲ್ಲಿ ಎರಡು ಬೆಡ್‌ರೂಮ್ ಬಂದು ಇನ್ನೂ ಮಿಗುತ್ತದೆ. ಕಾರು ಇರುವವರು 2022ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ನಂಬಿಕೊಂಡು ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮನೆ ಮಾಡಿ ಮೊಂಬಾಸಾ ರಸ್ತೆಗೆ ಹೋಗಿಬರುತ್ತಾರೆ. 27 ಕಿಲೋಮೀಟರಿನ ಆ ಮೇಲ್ರಸ್ತೆಗೆ ಟೋಲ್ ಇದೆ. ದಿನಕ್ಕೆ ಎರಡು ಸಲದ ಟೋಲನ್ನು ಇಪ್ಪತ್ತೆರಡು ದಿನಕ್ಕೆ ಗುಣಿಸಿ ಬಾಡಿಗೆಗೆ ಸೇರಿಸಿ ನೋಡಿ. ಆಗ ‘ಅಗ್ಗದ’ ಮನೆ ಎಷ್ಟು ಅಗ್ಗ ಅಂತ ತಿಳಿಯುತ್ತದೆ.

ಪಾರ್ಕ್‌ಲ್ಯಾಂಡ್ಸ್ ಬಗ್ಗೆ ಎರಡು ಮಾತು

ಸಂಸಾರ ಕರೆದುಕೊಂಡು ಬರುವ ಭಾರತೀಯರೆಲ್ಲ ಮೊದಲು ಹೋಗಿ ನಿಲ್ಲುವುದು ಇಲ್ಲೇ. ಕಾರಣವೂ ಗಟ್ಟಿಯಾಗಿದೆ. ಆಗಾ ಖಾನ್ ಆಸ್ಪತ್ರೆ, ಎಂ.ಪಿ. ಶಾ ಆಸ್ಪತ್ರೆ ಎರಡೂ ಹತ್ತಿರ. ಡೈಮಂಡ್ ಪ್ಲಾಜಾದಲ್ಲಿ ಬೇಳೆ, ಮಸಾಲೆ, ಇಡ್ಲಿ ಅಕ್ಕಿ ಸಿಗುತ್ತದೆ. ಲಿಮುರು ರಸ್ತೆಯ ಸಿಟಿ ಪಾರ್ಕ್ ಮಾರ್ಕೆಟ್ಟಿಗೆ ಹೋದರೆ ಕರಿಬೇವು, ಹಾಗಲಕಾಯಿ, ಮೆಂತ್ಯ ಸೊಪ್ಪು ಎಲ್ಲ ರಾಶಿ ಬಿದ್ದಿರುತ್ತದೆ, ಅಂಗಡಿಯವರು ಗುಜರಾತಿಯಲ್ಲೇ ಕೂಗಿ ಕರೆಯುತ್ತಾರೆ. ಹೆಂಡತಿ, ಮಕ್ಕಳಿಗೆ ಮೊದಲ ವರ್ಷ ಇದು ದೊಡ್ಡ ಆಸರೆ. ನಮ್ಮನೆಯವರಿಗೂ ಆಗಿತ್ತು.

ಆದರೆ ಕರಿಬೇವಿಗಾಗಿ ದಿನಾ ಮೂರು ಗಂಟೆ ರಸ್ತೆಯಲ್ಲಿ ಕಳೆಯಬೇಡಿ. ಸಿಟಿ ಪಾರ್ಕ್‌ಗೆ ವಾರಕ್ಕೊಮ್ಮೆ ಹೋದರೆ ಸಾಕು. ರಾಗಿಗಂತೂ ಅಲ್ಲಿಗೆ ಹೋಗುವುದೇ ಬೇಡ. ಇಲ್ಲಿ ಅದಕ್ಕೆ ವಿಂಬಿ ಅನ್ನುತ್ತಾರೆ, ಗಂಜಿ ಮಾಡಿ ಕುಡಿಯುತ್ತಾರೆ, ಹಿಟ್ಟು ಯಾವ ಏರಿಯಾದ ಅಂಗಡಿಯಲ್ಲೂ ಸಿಗುತ್ತದೆ. ರಾಗಿಯ ತವರೇ ಪೂರ್ವ ಆಫ್ರಿಕಾದ ಈ ಎತ್ತರದ ನೆಲ. ಮುದ್ದೆ ಚೆನ್ನಾಗಿಯೇ ಬರುತ್ತದೆ.

ಮಕ್ಕಳಿದ್ದರೆ ಲೆಕ್ಕ ಬದಲಾಗುತ್ತದೆ. ಇಲ್ಲಿ ಶಾಲೆ ವ್ಯಾನು ಬೆಳಿಗ್ಗೆ ಆರಕ್ಕೆಲ್ಲ ಗೇಟಿನ ಮುಂದೆ ಬಂದು ಹಾರ್ನ್ ಮಾಡುವುದುಂಟು. ಆಗ ಆಫೀಸಿಗಿಂತ ಶಾಲೆಗೆ ಹತ್ತಿರವಿರುವ ಮನೆಯೇ ಮೇಲು. ದೊಡ್ಡವರು ಟ್ರಾಫಿಕ್ಕಿನಲ್ಲಿ ಕೂರಬಹುದು, ಆರು ವರ್ಷದ ಮಗುವನ್ನು ಕೂರಿಸಬಾರದು.

ಮೂರು ಸಲ ಹೋಗಿ ನಿಂತು ನೋಡಿ

ಪಟ್ಟಿಯಲ್ಲಿ ಎರಡು ಮೂರು ಏರಿಯಾ ಉಳಿದ ಮೇಲೆ ಒಂದೊಂದಕ್ಕೂ ಮೂರು ಸಲ ಹೋಗಬೇಕು. ಕೆಲಸದ ದಿನ ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಎಂಟರ ಹೊತ್ತಿಗೊಮ್ಮೆ, ಜೋರು ಮಳೆ ಬಂದು ನಿಂತ ಮೇಲೊಮ್ಮೆ. ದೊಡ್ಡ ಮಳೆ ಮಾರ್ಚಿನಿಂದ ಮೇ ತನಕ, ಸಣ್ಣ ಮಳೆ ಅಕ್ಟೋಬರಿನಿಂದ ಡಿಸೆಂಬರ್ ತನಕ. ಆ ತಿಂಗಳುಗಳಲ್ಲಿ ಮನೆ ಹುಡುಕುವವರೇ ಅದೃಷ್ಟವಂತರು, ಏಕೆಂದರೆ ಗಲ್ಲಿಯ ನಿಜ ರೂಪ ಅವರಿಗೆ ಕಾಣುತ್ತದೆ.

ಸಂಜೆ ಹೋದಾಗ ಸ್ಟೇಜಿನಿಂದ ಗೇಟಿನವರೆಗೆ ನಡೆಯಿರಿ. ಬೀದಿದೀಪ ಎಲ್ಲಿಗೆ ನಿಲ್ಲುತ್ತದೆ? ಅಂಗಡಿಗಳು ತೆರೆದಿವೆಯೇ? ಬೈಕ್ ಟ್ಯಾಕ್ಸಿಯ ಬೋಡಾಬೋಡಾ ಹುಡುಗರು ನಿಲ್ಲುವ ಜಾಗ ಎಷ್ಟು ದೂರ? ಹೊಸಬರು ಹೆದರುವುದು ಜನ ತುಂಬಿದ, ಗಲಾಟೆಯ ಬೀದಿಗಳಿಗೆ. ನನಗೆ ಹೆಚ್ಚು ಆತಂಕವಾಗುವುದು ಎರಡೂ ಕಡೆ ಎತ್ತರದ ಕಾಂಪೌಂಡು, ಮೇಲೆ ಕರೆಂಟಿನ ಬೇಲಿ, ಅರ್ಧ ಕಿಲೋಮೀಟರ್ ಒಬ್ಬ ಮನುಷ್ಯನೂ ಇಲ್ಲದ ಶ್ರೀಮಂತ ರಸ್ತೆಗಳಲ್ಲಿ. ಅಲ್ಲಿ ಕೂಗಿದರೂ ಕೇಳುವವರಿಲ್ಲ. ಕ್ಯಾರೆನ್, ರುಂಡಾ ಕಾರು ಇದ್ದವರ ಏರಿಯಾ. ಕಾರಿಲ್ಲದೆ ಅಲ್ಲಿ ಮನೆ ಮಾಡಬೇಡಿ.

ಇನ್ನೊಂದು ಮಾತು. ಲ್ಯಾವಿಂಗ್ಟನ್ ಪಕ್ಕದಲ್ಲೇ ಕವಾಂಗ್‌ವಾರೆ ಇದೆ, ಸೌತ್ ಬಿ ಪಕ್ಕದಲ್ಲಿ ಮುಕೂರು, ಪಂಗಾನಿ ಪಕ್ಕದಲ್ಲಿ ಮಥಾರೆ. ತಗಡಿನ ಮನೆಗಳು ಕಂಡ ಕೂಡಲೇ ಏರಿಯಾವನ್ನೇ ಬಿಟ್ಟುಬಿಡಬೇಡಿ. ಈ ಊರಿನ ಕಟ್ಟಡ ಕಟ್ಟುವವರು, ಮನೆ ಕಾಯುವವರು, ಮಕ್ಕಳನ್ನು ನೋಡಿಕೊಳ್ಳುವವರು ಅಲ್ಲಿಂದಲೇ ಬೆಳಿಗ್ಗೆ ನಡೆದು ಬರುತ್ತಾರೆ.

ಏರಿಯಾದ ಸುದ್ದಿ ಬೇಕಾದರೆ ಏಜೆಂಟನ್ನು ಕೇಳಬೇಡಿ, ಮೂಲೆಯಲ್ಲಿ ತರಕಾರಿ ಮಾರುವ ಹೆಂಗಸನ್ನು ಕೇಳಿ. ‘ಮಾಮಾ ಮ್ಬೋಗಾ’ ಅನ್ನುತ್ತಾರೆ, ತರಕಾರಿ ಅಮ್ಮ ಅಂತ. ಒಂದು ಕಟ್ಟು ಸುಕುಮಾ ಸೊಪ್ಪು, ನಾಲ್ಕು ಟೊಮೇಟೊ ಕೊಂಡು, “ಮಾಮಾ, ಉಸಿಕು ಹಾಪಾ ಕುಕೋಜೆ?” ಅಂತ ಕೇಳಿ. ರಾತ್ರಿ ಇಲ್ಲಿ ಹೇಗಿರುತ್ತದೆ ಅಂತ ಅರ್ಥ. ಸೌತ್ ಸಿ ಕಡೆ ಒಬ್ಬಾಕೆ ನನಗೆ ಸೊಪ್ಪು ಸಣ್ಣಗೆ ಹೆಚ್ಚಿಕೊಡುತ್ತಲೇ, ತಲೆಯೆತ್ತದೆ, ಚಾಕುವಿನ ತುದಿಯಲ್ಲಿ ಎದುರಿನ ಕಟ್ಟಡ ತೋರಿಸಿ ಹೇಳಿದ್ದಳು: ಆ ಗೇಟು ಬೇಡ, ಮಳೆಗಾಲದಲ್ಲಿ ಅಲ್ಲಿಯವರು ಬೂಟು ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ಏಜೆಂಟು ಮುಕ್ಕಾಲು ಗಂಟೆ ಹೊಗಳಿದ್ದು ಅದೇ ಕಟ್ಟಡವನ್ನು.

ವೆಸ್ಟ್‌ಲ್ಯಾಂಡ್ಸ್, ಕಿಲಿಮಾನಿಯಲ್ಲಿ ಶುಕ್ರವಾರ ರಾತ್ರಿ ಹತ್ತರ ಮೇಲೂ ಒಮ್ಮೆ ಹೋಗಿ. ಕ್ಲಬ್ಬಿನ ಸದ್ದು ಕಿಟಕಿ ಮುಚ್ಚಿದರೂ ಎದೆಗೆ ಬಡಿಯುವಂಥ ಬೀದಿಗಳಿವೆ. ಹಾಗೇ ಪಕ್ಕದ ಸೈಟಿನಲ್ಲಿ ಹಳೇ ಬಂಗಲೆಯಿದ್ದು ಸುತ್ತ ತಗಡು ಬಡಿದಿದ್ದರೆ ಅಲ್ಲಿ ಹದಿನೈದು ಮಹಡಿ ಏಳಲಿದೆ ಅಂತಲೇ ತಿಳಿಯಿರಿ. ಕಿಲೇಲೆಶ್ವಾ, ಕಿಲಿಮಾನಿ, ಪಾರ್ಕ್‌ಲ್ಯಾಂಡ್ಸ್ ಮೂರರಲ್ಲೂ ಇದೇ ನಡೆಯುತ್ತಿದೆ. ಎರಡು ವರ್ಷ ಧೂಳು ನಿಮ್ಮ ಪಾಲಿಗೆ.

ನೀರು

ಇದಕ್ಕೆ ಹೆಚ್ಚು ಹೊತ್ತು ಕೊಡಿ. ನೈರೋಬಿಯ ಮುಖ್ಯ ನೀರು ಬರುವುದು ಉತ್ತರಕ್ಕಿರುವ ಅಬರ್ಡೇರ್ ಬೆಟ್ಟಗಳ ಕಡೆಯ ಎನ್ಡಕೈನಿ ಅಣೆಕಟ್ಟಿನಿಂದ. ಊರು ಬೆಳೆದಷ್ಟು ನೀರು ಬೆಳೆದಿಲ್ಲ. ಹಾಗಾಗಿ ನೀರಿನ ಕಂಪನಿ ಯಾವ ಏರಿಯಾಕ್ಕೆ ವಾರದಲ್ಲಿ ಯಾವ ದಿನ ಅಂತ ಸರದಿ ಪಟ್ಟಿ ಮಾಡಿದೆ. ಒಂದೇ ಏರಿಯಾದ ಎರಡು ಬೀದಿಗಳಲ್ಲಿ ದಿನ ಬೇರೆ ಇರಬಹುದು. ಉಳಿದ ದಿನ ಟ್ಯಾಂಕು, ಬೋರ್‌ವೆಲ್, ಇಲ್ಲವೇ ಟ್ಯಾಂಕರ್ ಲಾರಿ.

ಒಮ್ಮೆ ನಾಲ್ಕನೇ ಮಹಡಿಯ ಮನೆಯೊಂದನ್ನು ನೋಡಲು ಹೋಗಿದ್ದೆ. ಹೊಸ ಬಣ್ಣ, ಹೊಸ ಕಿಟಕಿ, ದೂರಕ್ಕೆ ನ್ಗಾಂಗ್ ಗುಡ್ಡಗಳು. ಅಡುಗೆಮನೆ ನಲ್ಲಿ ತಿರುಗಿಸಿದೆ. ಮೊದಲು ಗಾಳಿ ಕೆಮ್ಮಿತು, ಆಮೇಲೆ ಕಂದು ನೀರು ಒಂದು ಲೋಟದಷ್ಟು ಬಂತು, ನಿಂತಿತು. ಕೇರ್‌ಟೇಕರ್ “ಇವತ್ತು ಪಂಪು ರಿಪೇರಿ, ಬಾಸ್” ಅಂದ. ಕೆಳಗಿಳಿಯುವಾಗ ಮೆಟ್ಟಿಲ ಅಡಿಯಲ್ಲಿ 20 ಲೀಟರಿನ ಹಳದಿ ಜೆರಿಕ್ಯಾನುಗಳ ಸಾಲು ಕಂಡಿತು. ಒಂದೊಂದರ ಮೇಲೂ ಮನೆ ನಂಬರು ಬಣ್ಣದಲ್ಲಿ ಬರೆದಿತ್ತು. ಒಂದು ದಿನದ ರಿಪೇರಿಗೆ ಯಾರೂ ಜೆರಿಕ್ಯಾನಿಗೆ ಬಣ್ಣ ಹಚ್ಚಿ ನಂಬರು ಬರೆಯುವುದಿಲ್ಲ. ಅಲ್ಲಿಂದ ಸೀದಾ ಹೊರಟುಬಂದೆ.

ಕೇಳಬೇಕಾದ ಪ್ರಶ್ನೆ ಇದು: “ಮಾಜಿ ಹೂಜಾ ಸಿಕು ಗಾನಿ?” ನೀರು ಯಾವ ದಿನ ಬರುತ್ತದೆ ಅಂತ. ಕೇರ್‌ಟೇಕರ್ ಜೊತೆಗೆ ಮೆಟ್ಟಿಲಲ್ಲಿ ಎದುರಾಗುವ ಬಾಡಿಗೆದಾರರನ್ನೂ ಕೇಳಿ. ಎರಡು ಉತ್ತರ ಹೊಂದಬೇಕು. ಟ್ಯಾಂಕು ಎಷ್ಟು ಸಾವಿರ ಲೀಟರು, ಎಷ್ಟು ಮನೆಗೆ ಅಂತ ಲೆಕ್ಕ ಹಾಕಿ. ಬೋರ್‌ವೆಲ್ ಇದೆ ಅಂದರೆ ಖುಷಿಪಟ್ಟು ಸುಮ್ಮನಾಗಬೇಡಿ. ಇಲ್ಲಿನ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ, ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುತ್ತದೆ. ಪಾವಗಡ, ಕೋಲಾರದ ಕಡೆಯವರಿಗೆ ಇದರ ಅರ್ಥ ವಿವರಿಸಬೇಕಿಲ್ಲ, ಮಕ್ಕಳ ಹಲ್ಲು ಕಂದು ಕಟ್ಟುವುದನ್ನು ಕಂಡವರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆ ನೀರನ್ನು ಸ್ನಾನಕ್ಕೆ, ಬಟ್ಟೆಗೆ ಬಳಸಿ. ಕುಡಿಯಲು, ಅಡುಗೆಗೆ ಬೇರೆ ನೀರು ತರಬೇಕು. ಆ ಖರ್ಚನ್ನೂ ಬಾಡಿಗೆಗೆ ಸೇರಿಸಿ.

ಕಟ್ಟಡ ನೋಡುವಾಗ

2016ರ ಏಪ್ರಿಲ್‌ನಲ್ಲಿ ಹುರುಮಾ ಎಂಬಲ್ಲಿ ಮಳೆಯ ರಾತ್ರಿ ವಸತಿ ಕಟ್ಟಡವೊಂದು ಕುಸಿದು ಸುಮಾರು 50 ಮಂದಿ ಸತ್ತರು. ಅದು ವಾಸಕ್ಕೆ ಯೋಗ್ಯವಲ್ಲ ಅಂತ ಮೊದಲೇ ಗುರುತಾಗಿತ್ತು, ಆದರೂ ಬಾಡಿಗೆಗೆ ಕೊಟ್ಟಿದ್ದರು. ಆದ್ದರಿಂದ ಗೋಡೆಯ ಮೇಲೆ ಅಂಥ ಕಟ್ಟಡಗಳಿಗೆ ಹಾಕುವ ಕೆಂಪು ಬಣ್ಣದ ಎಕ್ಸ್ ಗುರುತು, ಅಥವಾ ಅದನ್ನು ಅಳಿಸಿ ಬಣ್ಣ ಬಳಿದ ಕಲೆ ಕಂಡರೆ ಒಳಗೆ ಕಾಲಿಡಬೇಡಿ. ಕಟ್ಟಡದ ಹಿಂದೆ ಹಳ್ಳ ಹರಿಯುತ್ತಿದ್ದರೆ ಅದು ಎಷ್ಟೇ ಚಿಕ್ಕದಿರಲಿ, ಬಿಟ್ಟುಬಿಡಿ. 2024ರ ಮಳೆಗೆ ಮಥಾರೆಯಲ್ಲಿ ಮನೆಗಳು ಕೊಚ್ಚಿಹೋದವು. ಆಮೇಲೆ ನದಿ ದಡದಲ್ಲಿದ್ದವರನ್ನು ಸರ್ಕಾರ ಒಕ್ಕಲೆಬ್ಬಿಸಿತು. ಕಿಲಿಮಾನಿ, ಕಿಲೇಲೆಶ್ವಾದಂಥ ದುಬಾರಿ ಏರಿಯಾಗಳ ನಡುವೆಯೂ ಕಿರಿಚ್ವಾ ಹೆಸರಿನ ಹೊಳೆಗಳಿವೆ, ಅವುಗಳ ಅಂಚಿಗೂ ಫ್ಲ್ಯಾಟುಗಳು ಎದ್ದಿವೆ.

ಕರೆಂಟಿಗೆ ಮುಂಗಡ ದುಡ್ಡು ಕಟ್ಟುವ ಮೀಟರು. ಎಂಪೆಸಾದಲ್ಲಿ (ಫೋನಿನಿಂದಲೇ ದುಡ್ಡು ಕಳಿಸುವ ಇಲ್ಲಿನ ವ್ಯವಸ್ಥೆ) ದುಡ್ಡು ಹಾಕಿದರೆ ಟೋಕನ್ ನಂಬರು ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ನಿಮ್ಮ ಮನೆಗೇ ಬೇರೆ ಮೀಟರು ಇದೆಯೇ ಕೇಳಿ. ಮಾಲೀಕರ ಮೀಟರಿನಿಂದ ಹಂಚಿದ್ದರೆ ಜಗಳ ತಪ್ಪುವುದಿಲ್ಲ. ಎತ್ತರದ ಕಟ್ಟಡವಾದರೆ ಜನರೇಟರ್ ಲಿಫ್ಟನ್ನೂ ನೀರಿನ ಪಂಪನ್ನೂ ಎಳೆಯುತ್ತದೆಯೇ, ಬರೀ ಓಣಿ ದೀಪಕ್ಕೇ ಮುಗಿಯಿತೇ ವಿಚಾರಿಸಿ. ಬಿಸಿಲು ಬೀಳುವ ಮನೆ ಹುಡುಕಿ. ಸಮುದ್ರ ಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದ ಊರು. ಜುಲೈನಲ್ಲಿ ವಾರಗಟ್ಟಲೆ ಮೋಡ ಕವಿದು ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. ಗಾಳಿ ಬೆಳಕಿಲ್ಲದ ಕೋಣೆಯ ಬೀರುವಿನಲ್ಲಿ ಬಟ್ಟೆಗೆ ಬೂಸರು ಬರುತ್ತದೆ. ಊರಿಂದ ಮಿಕ್ಸಿ ತರಬಹುದು, ವೋಲ್ಟೇಜ್ ಹೊಂದುತ್ತದೆ. ಪ್ಲಗ್ಗಿನ ಪಿನ್ನು ಮಾತ್ರ ಇಲ್ಲಿ ಚೌಕನೆಯದು.

ದುಡ್ಡು ಕೊಡುವ ಮುಂಚೆ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ಸಾಮಾನ್ಯವಾಗಿ ಒಂದು ತಿಂಗಳ ಡಿಪಾಸಿಟ್ಟು, ಕೆಲವು ಕಡೆ ಎರಡು, ಜೊತೆಗೆ ಮೊದಲ ತಿಂಗಳ ಬಾಡಿಗೆ. ಸರ್ವಿಸ್ ಚಾರ್ಜು, ನೀರು, ಕಸದ ದುಡ್ಡು ಬಾಡಿಗೆಯೊಳಗೆ ಇದೆಯೋ ಹೊರಗೋ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಡುವಾಗ ಎಷ್ಟು ತಿಂಗಳ ನೋಟಿಸು, ಬಣ್ಣದ ಖರ್ಚು ಯಾರದು, ಇದೂ ಕರಾರಿನಲ್ಲಿರಲಿ. ನನ್ನ ಮೊದಲ ಮನೆಯ ಡಿಪಾಸಿಟ್ಟು ಬಣ್ಣಕ್ಕೇ ಹೋಯಿತು. ಮನೆಗೆ ಸೇರುವಾಗ ಗೋಡೆ ಹೇಗಿತ್ತು ಅಂತ ತೋರಿಸಲು ನನ್ನ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ.

ಬಾಡಿಗೆ ಕೇಳಲು ಮೊದಲ ಫೋನನ್ನು ಇಲ್ಲಿನ ಸಹೋದ್ಯೋಗಿಯಿಂದ ಮಾಡಿಸಿ. ಹೊರಗಿನವರ ದನಿ ಕೇಳಿದರೆ ಬಾಡಿಗೆ ಏರುವುದುಂಟು. ಮನೆ ತೋರಿಸಲು ಏಜೆಂಟರು ಸಣ್ಣ ಮೊತ್ತ ಕೇಳುತ್ತಾರೆ, ಅದು ಇಲ್ಲಿನ ವಾಡಿಕೆ. ಆದರೆ “ಇನ್ನೊಬ್ಬರು ಬರುತ್ತಿದ್ದಾರೆ, ಈಗಲೇ ಡಿಪಾಸಿಟ್ಟು ಕಳಿಸಿ ಹಿಡಿದಿಟ್ಟುಕೊಳ್ಳಿ” ಅಂದರೆ ಒಂದು ಶಿಲ್ಲಿಂಗನ್ನೂ ಕಳಿಸಬೇಡಿ. ಮನೆಯೊಳಗೆ ಕಾಲಿಟ್ಟು, ಮಾಲೀಕರು ಅಥವಾ ಅವರ ಕಚೇರಿಯವರನ್ನು ಕಂಡು, ಕರಾರು ಓದಿದ ಮೇಲಷ್ಟೇ ದುಡ್ಡು. ಎಂಪೆಸಾದಲ್ಲಿ ಕಳಿಸುವಾಗ ಪಡೆಯುವವರ ಹೆಸರು ತೆರೆಯ ಮೇಲೆ ಬರುತ್ತದೆ. ಕರಾರಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ನಿಲ್ಲಿಸಿಬಿಡಿ. ಬಂದ ಮೆಸೇಜನ್ನು ಅಳಿಸಬೇಡಿ, ಅದೇ ನಿಮ್ಮ ರಸೀತಿ.

ಕೀ ಕೈಗೆ ಬಂದ ದಿನ ಸಾಮಾನು ಇಳಿಸುವ ಮುಂಚೆ ಗೋಡೆ, ನಲ್ಲಿ, ಕಿಟಕಿ, ಕರೆಂಟು ಮತ್ತು ನೀರಿನ ಎರಡೂ ಮೀಟರಿನ ಫೋಟೋ ತೆಗೆದು ಕೇರ್‌ಟೇಕರಿಗೆ ಕಳಿಸಿ. ಅಂಗಡಿಯಿಂದ ನೂರು ಲೀಟರಿನ ಡ್ರಮ್ಮೊಂದು ತಂದು ತುಂಬಿಸಿಡಿ. ಕತ್ತಲಾಗುವ ಮುಂಚೆ ಟೋಕನ್ ಹಾಕಿಕೊಳ್ಳಿ. ಆಮೇಲೆ ಕೆಳಗಿಳಿದು ಗೇಟಿನ ಕಾವಲಿನ ಅಸ್ಕಾರಿಗೂ ಮೂಲೆಯ ಮಾಮಾ ಮ್ಬೋಗಾಗೂ ನಿಮ್ಮ ಹೆಸರು, ಮನೆ ನಂಬರು ಹೇಳಿ ಬನ್ನಿ. ಮರುದಿನ ಬೆಳಿಗ್ಗೆ ಕಸದ ಗಾಡಿ ಯಾವ ಹೊತ್ತಿಗೆ ಬರುತ್ತದೆ ಅಂತ ಅವರನ್ನೇ ಕೇಳಬೇಕು.